ಗಳಿಗೆಗೊಮ್ಮೆ ಕೀಲಿ ಹಾಕಿಕೊಳ್ಳುವ ಪೆಟ್ಟಿಗೆ

ಧಾರವಾಡದ ಮಾಳಮಡ್ಡಿಯ ಒಂದು ಓಣಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. 1941ರಲ್ಲಿ ಹುಟ್ಟಿದ ಅವರು ಓಣಿಗೆಲ್ಲ ‘ಮಾಸ್ತರರು’. ಅವರ ಮನೆಯ ಪಡಸಾಲೆಯಲ್ಲಿ, ಹಿಂದೆ ರೇಡಿಯೊ ಇರುತ್ತಿದ್ದ ಗೂಡಿನ ಕೆಳಗೆ, ಮೇಜಿನ ಮೇಲೊಂದು ಕಂಪ್ಯೂಟರು ಇದೆ. ಬೆಂಗಳೂರಿನಲ್ಲಿರುವ ಮಗ ತಂದುಕೊಟ್ಟದ್ದು. ಕಳೆದ ಮಳೆಗಾಲದ ಒಂದು ಸಂಜೆ ಮಾಸ್ತರರು ನನಗೆ ಹೇಳಿಕಳುಹಿಸಿದರು. ಹೋದಾಗ ಅವರು ಕುರ್ಚಿಯಲ್ಲಿ ಕುಳಿತು ಆ ಪರದೆಯನ್ನು, ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ನೋಡುವಂತೆ ನೋಡುತ್ತಿದ್ದರು.

“ಬಾರೋ ತಮ್ಮಾ, ಕೂಡು. ನಾ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದರ ಮುಂದ ಕೂತೇನಿ. ಆದ್ರ ಈ ಪೆಟಗಿ ಹತ್ತ ನಿಮಿಷಕ್ಕೊಮ್ಮೆ ‘ನೀ ಯಾರು’ ಅಂತ ಕೇಳ್ತದ. ನನ್ನ ಮನ್ಯಾಗ ನಾನs ಎಷ್ಟ ಸರತಿ ಹೆಸರು ಹೇಳಬೇಕು?” ಎಂದರು.

ಕೇಳಿದ ಕೂಡಲೇ ನಗು ಬರುವಂಥ ದೂರು. ಆದರೆ ಅವರು ಮಾಡುತ್ತಿದ್ದ ಕೆಲಸವನ್ನು ಕಂಡಾಗ ನಗು ನಿಂತಿತು. ಅವರ ತಂದೆ ಹುಬ್ಬಳ್ಳಿಯಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. 1936ರಿಂದ ಹತ್ತಾರು ವರ್ಷ ದಿನಚರಿ ಬರೆದಿಟ್ಟವರು. ಹನ್ನೊಂದು ಸಣ್ಣ ನೋಟುಪುಸ್ತಕಗಳು. ಕಾಗದ ಹಳದಿಯಾಗಿ ಮುಟ್ಟಿದರೆ ಅಂಚು ಉದುರುತ್ತದೆ, ಮಸಿ ಮಾಸಿದೆ. ಮಾಸ್ತರರ ಮೊಮ್ಮಗಳು ರಜೆಗೆ ಬಂದಾಗ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿ ಹೋಗಿದ್ದಾಳೆ. ಮಾಸ್ತರರು ಆ ಪುಟಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ಓದುತ್ತಾರೆ, ಓದಿದ್ದನ್ನು ಪೆನ್ನು ಹಿಡಿದು ಉದ್ದನೆಯ ವಹಿಯಲ್ಲಿ ಪ್ರತಿ ಮಾಡುತ್ತಾರೆ. ಅವರ ಬಲಗಣ್ಣಿನ ನಡುಭಾಗದ ದೃಷ್ಟಿ ಮಂಜಾಗಿದೆ. ಎಡಗಣ್ಣಿಗೂ ಅದೇ ರೋಗ ಹತ್ತಿದೆಯೆಂದು ವೈದ್ಯರು ಹೇಳಿದ್ದಾರೆ. ಮಾಸ್ತರರ ತಾಯಿ ಅವರಿಗೆ ಎರಡು ವರ್ಷವಾಗಿದ್ದಾಗಲೇ ತೀರಿಕೊಂಡವರು. ಆಕೆಯ ಒಂದು ಭಾವಚಿತ್ರವೂ ಮನೆಯಲ್ಲಿಲ್ಲ. ಆಕೆ ಏನು ಹಾಡುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು ಎಂಬುದೆಲ್ಲ ಇರುವುದು ಆ ನೋಟುಪುಸ್ತಕಗಳಲ್ಲಿ ಮಾತ್ರ. ಕಣ್ಣಿರುವಷ್ಟರಲ್ಲಿ ಅದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಇಳಿಸಿಕೊಳ್ಳಬೇಕೆಂಬುದು ಅವರ ಹಟ.

ಇಂಥ ಕೆಲಸದ ನಡುವೆ ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗುತ್ತದೆ. ಗುಂಡಿ ಒತ್ತಿದರೆ ಯಾವುದೋ ಪರದೇಶದ ಬೆಟ್ಟದ ಚಿತ್ರ. ಅದರ ಮೇಲೆ ಗಂಟೆ, ತಾರೀಖು. ಅದನ್ನು ಸರಿಸಿದರೆ ಗುಪ್ತಸಂಖ್ಯೆಯ ಬೇಡಿಕೆ. ಮಾಸ್ತರರ ಕೈ ಸ್ವಲ್ಪ ನಡುಗುತ್ತದೆ. ಸಂಖ್ಯೆ ತಪ್ಪುತ್ತದೆ. ನಾಲ್ಕು ಸಲ ತಪ್ಪಿದರೆ ಯಂತ್ರವು ‘ಎ1ಬಿ2ಸಿ3 ಎಂದು ಬರೆಯಿರಿ’ ಎಂದು ಕೇಳುತ್ತದೆ. ಮಾಸ್ತರರು ಅದನ್ನು ಕಂಡು, ಇದು ಪತ್ರಿಕೆಗಳಲ್ಲಿ ಓದಿದ ಆನ್‌ಲೈನ್ ಮೋಸವೇ ಇರಬೇಕೆಂದು ಭಾವಿಸಿ, ಗೋಡೆಯ ಗುಂಡಿಯನ್ನೇ ಆರಿಸಿಬಿಟ್ಟಿದ್ದರು! ಅದು ಮೋಸವಲ್ಲ. ಮಗುವಿನ ಕೈಯೋ ಬೆಕ್ಕಿನ ಕಾಲೋ ಗುಂಡಿಗಳ ಮೇಲೆ ಆಡುತ್ತಿಲ್ಲ, ಮನುಷ್ಯನೇ ಬುದ್ಧಿಪೂರ್ವಕವಾಗಿ ಬರೆಯುತ್ತಿದ್ದಾನೆ ಎಂಬುದನ್ನು ವಿಂಡೋಸ್ ಪರೀಕ್ಷಿಸುವ ರೀತಿ, ಅಷ್ಟೆ. ಅದಾದಮೇಲೂ ತಪ್ಪುತ್ತ ಹೋದರೆ ಯಂತ್ರವನ್ನು ಮತ್ತೆ ಮೊದಲಿನಿಂದ ಚಾಲೂ ಮಾಡಿರೆಂದು ಹೇಳುತ್ತದೆ.

ಓದುವವನು ಮಲಗಿದವನೇ?

ಯಂತ್ರಕ್ಕೆ ಕಣ್ಣಿಲ್ಲ. ಎದುರು ಕುಳಿತವನು ಎಚ್ಚರವಾಗಿದ್ದಾನೆಯೇ, ಎದ್ದುಹೋದನೇ ಎಂಬುದನ್ನು ಅದು ಒಂದೇ ಲಕ್ಷಣದಿಂದ ಊಹಿಸುತ್ತದೆ: ಕೊನೆಯ ಸಲ ಕೀಲಿಮಣೆಯ ಗುಂಡಿ ಒತ್ತಿ, ಇಲ್ಲವೆ ಮೌಸು ಅಲುಗಿಸಿ ಎಷ್ಟು ಹೊತ್ತಾಯಿತು? ಆ ಲೆಕ್ಕ ನಿಗದಿಯಾದ ನಿಮಿಷಗಳನ್ನು ಮುಟ್ಟಿದರೆ ‘ಯಜಮಾನರು ಇಲ್ಲ’ ಎಂದು ತೀರ್ಮಾನ. ಆದ್ದರಿಂದಲೇ ಒಂದು ವಿಚಿತ್ರವನ್ನು ನಾವು ಕಾಣುತ್ತೇವೆ. ಮೂರು ಗಂಟೆಯ ಸಿನಿಮಾ ಹಚ್ಚಿ ಕುರ್ಚಿಯಲ್ಲಿ ಗೊರಕೆ ಹೊಡೆಯುವವನ ಪರದೆ ಆರುವುದಿಲ್ಲ. ಏಕೆಂದರೆ ಸಿನಿಮಾ ತೋರಿಸುವ ಕಾರ್ಯಕ್ರಮವು ‘ಪರದೆಯನ್ನು ಎಚ್ಚರವಿಡು’ ಎಂದು ವಿಂಡೋಸಿಗೆ ಮೊದಲೇ ಹೇಳಿರುತ್ತದೆ. ಸಂಗೀತ ನುಡಿಸುವ ಕಾರ್ಯಕ್ರಮ ಸಾಮಾನ್ಯವಾಗಿ ‘ಯಂತ್ರವನ್ನು ಮಲಗಿಸಬೇಡ’ ಎಂದಷ್ಟೇ ಹೇಳುತ್ತದೆ, ಪರದೆಯ ಮಾತೆತ್ತುವುದಿಲ್ಲ. ಹಾಗಾಗಿ ಮಲ್ಲಿಕಾರ್ಜುನ ಮನಸೂರರ ಖ್ಯಾಲು ಕತ್ತಲೆಯ ಪರದೆಯ ಹಿಂದಿನಿಂದಲೂ ಕೇಳುತ್ತಲೇ ಇರುತ್ತದೆ. ಆದರೆ ಒಂದು ಚಿತ್ರಪುಟವನ್ನು ತೆರೆದಿಟ್ಟು ಕಣ್ಣು ಕಿರಿದು ಮಾಡಿ ಓದುವವನ ಪರವಾಗಿ ಹೇಳುವವರು ಯಾರೂ ಇಲ್ಲ. ಪೆನ್ನಿನಿಂದ ವಹಿಯಲ್ಲಿ ಬರೆಯುವ ಮಾಸ್ತರರು, ಪರದೆಯ ಮೇಲಿನ ಪಾಕವಿಧಾನ ನೋಡುತ್ತ ಕೈಗೆಲ್ಲ ಹಿಟ್ಟು ಹತ್ತಿಸಿಕೊಂಡು ನಿಂತ ಗೃಹಿಣಿ, ದೇವರ ಹಾಡನ್ನು ಪರದೆಯಿಂದ ನೋಡಿ ಕಲಿಯುವ ಅಜ್ಜಿ, ಇವರೆಲ್ಲ ಯಂತ್ರದ ಲೆಕ್ಕದಲ್ಲಿ ಮನೆಯಲ್ಲೇ ಇಲ್ಲದವರು. ಓದುವುದನ್ನು ಕೆಲಸವೆಂದು ಎಣಿಸದ ಮನೆಮಂದಿಯನ್ನು ನಾನು ಕಂಡಿದ್ದೇನೆ. ಯಂತ್ರವೂ ಅದೇ ಮತದ್ದು.

ಇದು ಮೊದಲಿನಿಂದ ಬಂದ ಕಥೆ. ಆದರೆ ಪರದೆ ಆರುವುದೂ ಕೀಲಿ ಬೀಳುವುದೂ ಹುಟ್ಟಿದ್ದು ಬೇರೆ ಬೇರೆ ಕಾರಣಗಳಿಗೆ. ಹಿಂದಿನ ಕಂಪ್ಯೂಟರುಗಳ ಪರದೆ ಹಳೆಯ ಟಿ.ವಿ.ಯಂತೆ ಗಾಜಿನ ಕೊಳವೆಯದು. ಒಳಗೆ ಫಾಸ್ಫರ್ ಲೇಪ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಆ ಲೇಪ ಸುಟ್ಟು, ಯಂತ್ರ ಆರಿಸಿದ ಮೇಲೂ ಅಕ್ಷರಗಳ ನೆರಳು ಉಳಿದುಬಿಡುತ್ತಿತ್ತು. 1983ರಲ್ಲಿ ಜಾನ್ ಸೋಚಾ ಎಂಬ ಅಮೆರಿಕದ ತಜ್ಞರು, ಮೂರು ನಿಮಿಷ ಯಾರೂ ಮುಟ್ಟದಿದ್ದರೆ ಪರದೆಯನ್ನು ಬರಿದು ಮಾಡುವ ಪುಟ್ಟ ಕಾರ್ಯಕ್ರಮವನ್ನು ಬರೆದು ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದರು. ‘ಸ್ಕ್ರೀನ್ ಸೇವರ್’ ಎಂಬುದರ ಮೂಲ ಅದು. ಆಮೇಲೆ ಅದು ಹಾರುವ ರೊಟ್ಟಿಯಂತ್ರಗಳೂ ತೇಲುವ ಮೀನುಗಳೂ ಇರುವ ತಮಾಷೆಯಾಗಿ ಬೆಳೆಯಿತು. ಈಗಿನ ಚಪ್ಪಟೆ ಪರದೆಗಳಿಗೆ ಆ ರಕ್ಷಣೆ ಬಹುಮಟ್ಟಿಗೆ ಬೇಡ. ಆರುವುದರಿಂದ ಉಳಿಯುವುದು ವಿದ್ಯುತ್ತು.

ಗುಪ್ತಪದ ಅದಕ್ಕಿಂತ ಹಳೆಯದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1961ರಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಯಂತ್ರವನ್ನು ಅನೇಕರು ಸರದಿಯಂತೆ ಬಳಸುವ ಏರ್ಪಾಡು ಮಾಡಿದರು. ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಹೋಗಬಾರದಲ್ಲ! ಅದಕ್ಕಾಗಿ ಪಾಸ್‌ವರ್ಡ್ ಬಂತು. ಮರುವರ್ಷವೇ ಅದು ಮುರಿಯಿತೆಂಬುದು ಸ್ವಾರಸ್ಯ. ಆಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿ, ತನಗೆ ಕೊಟ್ಟ ಯಂತ್ರದ ವೇಳೆ ಸಾಲದೆಂದು, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಯಂತ್ರದಿಂದ ಅಚ್ಚು ಹಾಕಿಸಿಕೊಂಡ. ಹೀಗೆ ಕೀಲಿಯೂ ಕಳ್ಳನೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದರು.

ಪರದೆ ರಕ್ಷಿಸಲು ಬಂದ ಏರ್ಪಾಡಿಗೆ ಕಾಗದಪತ್ರ ರಕ್ಷಿಸುವ ಏರ್ಪಾಡನ್ನು ಗಂಟುಹಾಕಿದ್ದು ಕಚೇರಿಗಳ ಸಲುವಾಗಿ. ನೂರು ಜನ ಓಡಾಡುವ ಕೋಣೆಯಲ್ಲಿ ಗುಮಾಸ್ತ ಚಹಾಕ್ಕೆ ಎದ್ದುಹೋದಾಗ ಅವನ ಮೇಜಿನ ಪೆಟ್ಟಿಗೆ ತೆರೆದಿರಬಾರದು, ಸರಿಯಾದ ಮಾತು. ಆ ಕಚೇರಿಯ ಶಿಸ್ತೇ ಈಗ ನಮ್ಮ ಪಡಸಾಲೆಗೆ ಬಂದು ಕುಳಿತಿದೆ.

ದೀಪ, ನಿದ್ರೆ ಮತ್ತು ಅಗಳಿ

ಇದನ್ನು ನಿಲ್ಲಿಸಲು ಹೊರಟವರು ಹೆಚ್ಚಾಗಿ ಎಡವುವುದು ಮೂರು ಸಂಗತಿಗಳನ್ನು ಒಂದೆಂದು ತಿಳಿಯುವುದರಿಂದ. ಪರದೆ ಆರುವುದು ಬೇರೆ. ಅದು ಮನೆಯ ದೀಪ ಆರಿಸಿದಂತೆ, ಒಳಗೆ ಎಲ್ಲವೂ ನಡೆದೇ ಇರುತ್ತದೆ. ಯಂತ್ರ ನಿದ್ರಿಸುವುದು ಬೇರೆ; ಆಗ ಒಳಗಿನ ಕೆಲಸವೂ ನಿಲ್ಲುತ್ತದೆ. ಕೀಲಿ ಬೀಳುವುದು ಮೂರನೆಯದು; ಅದು ತಲೆಬಾಗಿಲಿಗೆ ಅಗಳಿ ಹಾಕಿದಂತೆ. ಒಬ್ಬರು ಪರದೆಯ ನಿಮಿಷ ಹೆಚ್ಚಿಸಿ ಕೀಲಿ ಬೀಳುವುದಿಲ್ಲವೆಂದು ನಂಬುತ್ತಾರೆ. ಇನ್ನೊಬ್ಬರು ಕೀಲಿ ತೆಗೆದು, ನಿದ್ರೆ ಹೋದ ಯಂತ್ರವನ್ನು ಕೆಟ್ಟಿತೆಂದು ದುರಸ್ತಿಯ ಅಂಗಡಿಗೆ ಹೊರುತ್ತಾರೆ.

ಮಾಸ್ತರರದು ವಿಂಡೋಸ್ 11. (ವಿಂಡೋಸ್ 10ಕ್ಕೆ ಅದರ ಕಂಪನಿಯ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇನ್ನೂ ಅದನ್ನೇ ಇಟ್ಟುಕೊಂಡವರಿಗೆ ಕೀಲಿಗಿಂತ ದೊಡ್ಡ ಚಿಂತೆ ಅದೇ ಆಗಬೇಕು.) ಮೊದಲು ‘ಸೆಟ್ಟಿಂಗ್ಸ್’ ತೆರೆದು ‘ಸಿಸ್ಟಮ್’, ಅದರೊಳಗೆ ‘ಪವರ್’ ಎಂಬಲ್ಲಿಗೆ ಹೋದೆವು. ಪರದೆ ಎಷ್ಟು ನಿಮಿಷಕ್ಕೆ ಆರಬೇಕು, ಯಂತ್ರ ಎಷ್ಟಕ್ಕೆ ಮಲಗಬೇಕು ಎಂಬ ಎರಡು ಲೆಕ್ಕಗಳು ಅಲ್ಲಿರುತ್ತವೆ. ಪರದೆಗೆ ಒಂದು ಗಂಟೆ ಕೊಟ್ಟೆ. ನಿದ್ರೆಗೆ ‘ನೆವರ್’, ಅಂದರೆ ಎಂದೂ ಬೇಡ. ಆಮೇಲೆ ‘ಅಕೌಂಟ್ಸ್’, ಅದರಲ್ಲಿ ‘ಸೈನ್-ಇನ್ ಆಪ್ಶನ್ಸ್’. ತುಸು ಕೆಳಗೆ ಒಂದು ಪ್ರಶ್ನೆಯಿದೆ: ನೀವು ಎದ್ದುಹೋಗಿ ಬಂದರೆ ವಿಂಡೋಸ್ ನಿಮ್ಮನ್ನು ಮತ್ತೆ ಯಾವಾಗ ಗುರುತು ಕೇಳಬೇಕು? ಅಲ್ಲಿಯೂ ‘ನೆವರ್’.

ಇಷ್ಟಕ್ಕೇ ಮುಗಿಯಿತೆಂದು ಎದ್ದೆ. ಚಹಾ ಬಂತು, ಚಹಾ ಮುಗಿಯುವುದರೊಳಗೆ ಮತ್ತೆ ಆ ಬೆಟ್ಟದ ಚಿತ್ರ! ಮಾಸ್ತರರು ಏನೂ ಅನ್ನಲಿಲ್ಲ. ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು. ಹುಡುಕಿದಾಗ ಸಿಕ್ಕ ಅಪರಾಧಿ ಸ್ಕ್ರೀನ್ ಸೇವರೇ. ‘ಪರ್ಸನಲೈಸೇಶನ್’ ಎಂಬಲ್ಲಿ ‘ಲಾಕ್ ಸ್ಕ್ರೀನ್’, ಅದರ ತಳದಲ್ಲಿ ‘ಸ್ಕ್ರೀನ್ ಸೇವರ್’ ಎಂಬ ಹಳೆಯ ಕಾಲದ ಕಿಟಕಿಯೊಂದು ಇಂದಿಗೂ ಉಳಿದಿದೆ. ಅದರಲ್ಲಿ ‘ಆನ್ ರೆಸ್ಯೂಮ್, ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್’ ಎಂಬುದರ ಮುಂದೆ ಗುರುತು ಬಿದ್ದಿತ್ತು. ನಿಮಿಷಗಳ ಲೆಕ್ಕ ಹತ್ತು. ಮೊಮ್ಮಗಳು ಗುಬ್ಬಿಗಳ ಚಿತ್ರ ಬರಲಿ ಎಂದು ಹಾಕಿಕೊಟ್ಟು ಹೋಗಿದ್ದಳಂತೆ. ಗುರುತು ಅಳಿಸಿದೆವು, ಗುಬ್ಬಿಗಳನ್ನು ಇಟ್ಟುಕೊಂಡೆವು.

ಇನ್ನೊಂದು ಅಡಗುತಾಣವನ್ನೂ ಹೇಳಿಬಿಡುತ್ತೇನೆ. 2017ರಿಂದ ವಿಂಡೋಸಿನಲ್ಲಿ ‘ಡೈನಾಮಿಕ್ ಲಾಕ್’ ಎಂಬುದಿದೆ. ಇದನ್ನು ಹಾಕಿಕೊಂಡವರ ಮೊಬೈಲು ಬ್ಲೂಟೂತಿನಿಂದ ಕಂಪ್ಯೂಟರಿಗೆ ಜೋಡಿಸಿರುತ್ತದೆ. ಮೊಬೈಲು ದೂರ ಹೋದರೆ ಸ್ವಲ್ಪ ಹೊತ್ತಿನಲ್ಲೇ ಕೀಲಿ ಬೀಳುತ್ತದೆ. ಉಪಾಯವೇನೋ ಚೆನ್ನ, ಆದರೆ ನಮ್ಮ ಹಳೆಯ ಮನೆಗಳ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ! ಮೊಬೈಲು ಹಿತ್ತಲಿಗೋ ದೇವರಮನೆಗೋ ಹೋದರೆ ಸಾಕು, ಯಂತ್ರಕ್ಕೆ ಅದು ಊರು ಬಿಟ್ಟಂತೆ. ‘ಸೈನ್-ಇನ್ ಆಪ್ಶನ್ಸ್’ ಪುಟದಲ್ಲೇ ಇದರ ಗುರುತನ್ನೂ ತೆಗೆಯಬಹುದು. ಈಚಿನ ಅನೇಕ ಲ್ಯಾಪ್‌ಟಾಪುಗಳ ರೀತಿಯೇ ಬೇರೆ: ಅವುಗಳಲ್ಲಿ ಪರದೆ ಆರಿದ್ದೇ ಅರೆನಿದ್ರೆ. ಆದ್ದರಿಂದ ‘ಮತ್ತೆ ಯಾವಾಗ ಕೇಳಬೇಕು’ ಎಂಬಲ್ಲಿ ಒಂದು, ಮೂರು, ಐದು, ಹದಿನೈದು ನಿಮಿಷಗಳ ಆಯ್ಕೆಯಿರುತ್ತದೆ. ಪೂರ್ತಿ ಬೇಡವೆನ್ನುವುದಕ್ಕಿಂತ ಹದಿನೈದು ನಿಮಿಷ ಇಡುವುದು ನನಗೆ ಹೆಚ್ಚು ಹಿತವೆನಿಸುತ್ತದೆ. ಮ್ಯಾಕ್ ಯಂತ್ರವಿದ್ದವರಿಗೆ ‘ಸಿಸ್ಟಮ್ ಸೆಟ್ಟಿಂಗ್ಸ್’ನಲ್ಲಿ ‘ಲಾಕ್ ಸ್ಕ್ರೀನ್’ ಎಂಬ ಒಂದೇ ಪುಟದಲ್ಲಿ ಇವೆಲ್ಲ ಸಿಗುತ್ತವೆ; ಉಬುಂಟು ಬಳಸುವವರು ‘ಪ್ರೈವೆಸಿ’ಯ ಒಳಗೆ ‘ಸ್ಕ್ರೀನ್ ಲಾಕ್’ ನೋಡಬೇಕು.

ವಿದ್ಯುತ್ತಿನ ಲೆಕ್ಕವನ್ನೂ ಮಾಸ್ತರರು ಕೇಳದೆ ಬಿಡಲಿಲ್ಲ. ಮೇಜಿನ ಕಂಪ್ಯೂಟರು ಸುಮ್ಮನೆ ಇದ್ದಾಗ 60 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ರಾತ್ರಿ ಹತ್ತು ತಾಸು ಹಾಗೇ ಬಿಟ್ಟರೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. “ಅಂದ್ರ ರಾತ್ರಿ ನಾನs ಆರಿಸಬೇಕು, ಹೌದಿಲ್ಲೋ?” ಎಂದರು. ಹೌದು. ನಿದ್ರೆಯನ್ನು ಯಂತ್ರಕ್ಕೆ ನಿಷೇಧಿಸಿದ ಮೇಲೆ ಮಲಗಿಸುವ ಹೊಣೆ ನಮ್ಮದೇ.

ಕನ್ನಡದಲ್ಲಿ ಬರೆಯುವ ಮನೆಗಳಿಗೆ ಮಾತ್ರ ಬರುವ ಒಂದು ತೊಡಕಿದೆ. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಪತ್ರ ಬರೆಯುತ್ತಿರುತ್ತೀರಿ. ಅಷ್ಟರಲ್ಲಿ ಕೀಲಿ ಬೀಳುತ್ತದೆ. ಪಾಸ್‌ವರ್ಡ್ ಇಂಗ್ಲಿಷಿನಲ್ಲಿದೆ, ಕೀಲಿಮಣೆ ಕನ್ನಡದಲ್ಲಿದೆ. ಒತ್ತುವ ಅಕ್ಷರಗಳೆಲ್ಲ ಚುಕ್ಕೆಗಳಾಗಿ ಕಾಣುವುದರಿಂದ ತಪ್ಪು ತಿಳಿಯುವುದಿಲ್ಲ. ‘ಸರಿಯಾಗೇ ಬರೆದೆನಲ್ಲ’ ಎಂದು ಹತ್ತು ಸಲ ಬರೆದರೆ, ಹೊಸ ವಿಂಡೋಸಿನಲ್ಲಿ ಹತ್ತು ನಿಮಿಷ ಬಹಿಷ್ಕಾರ! ಪರದೆಯ ಬಲತಳದ ಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ. ವಿಂಡೋಸ್ ಗುಂಡಿಯೊಡನೆ ಸ್ಪೇಸ್ ಪಟ್ಟಿಯನ್ನು ಒತ್ತಿ ಅದನ್ನು ಬದಲಿಸಬಹುದು. ಎಷ್ಟೋ ಮನೆಗಳಲ್ಲಿ ‘ಪಾಸ್‌ವರ್ಡ್ ತಾನಾಗಿ ಬದಲಾಯಿತು’ ಎಂಬ ಭೂತದ ಕಥೆಯ ಹಿಂದೆ ಇರುವುದು ಇಷ್ಟೇ.

ಸೊಸೆಯ ಯಂತ್ರ

ಮಾಸ್ತರರ ಮನೆಯ ಪಕ್ಕದಲ್ಲೇ ಇನ್ನೊಂದು ಕುಟುಂಬ. ಸೊಸೆ ಬೆಂಗಳೂರಿನ ಕಂಪನಿಯೊಂದರ ಉದ್ಯೋಗಿ. 2020ರಲ್ಲಿ ಮಹಾಮಾರಿ ಬಂದಾಗ ಊರಿಗೆ ಮರಳಿದ ಸಾವಿರಾರು ಜನರಂತೆ ಆಕೆಯೂ ಲ್ಯಾಪ್‌ಟಾಪು ಹಿಡಿದು ಧಾರವಾಡಕ್ಕೆ ಬಂದವರು, ಇಂದಿಗೂ ಮಾಳಿಗೆಯ ಕೋಣೆಯಿಂದಲೇ ಕೆಲಸ ನಡೆಸಿದ್ದಾರೆ. ಮಾಸ್ತರರ ಯಂತ್ರ ಸರಿಹೋದ ಸುದ್ದಿ ತಿಳಿದು, “ಕಾಕಾ, ನಂದೂ ಅಷ್ಟ ಮಾಡಿಕೊಡ್ರೆಲಾ. ಕೂಸಿಗೆ ಹಾಲು ಕುಡಿಸಿ ಬರೋದ್ರಾಗ ಕೀಲಿ ಬಿದ್ದಿರ್ತದ” ಎಂದರು. ತೆರೆದು ನೋಡಿದರೆ ಆ ಆಯ್ಕೆಗಳೆಲ್ಲ ಬೂದುಬಣ್ಣಕ್ಕೆ ತಿರುಗಿ ಅಲುಗದಂತಿವೆ. ಮೇಲೆ, ಈ ಸೆಟ್ಟಿಂಗುಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತದೆ ಎಂಬ ಸೂಚನೆ.

ಕಂಪನಿಯ ಯಂತ್ರ ಮನೆಯ ಮೇಜಿನ ಮೇಲಿದ್ದರೂ ಮನೆಯದಲ್ಲ. ಎಷ್ಟು ಹೊತ್ತಿಗೆ ಕೀಲಿ ಬೀಳಬೇಕೆಂಬುದನ್ನು ಕಚೇರಿಯೇ ದೂರದಿಂದ ವಿಧಿಸಿರುತ್ತದೆ. ಇದು ಯಾರದೋ ಹಟವಲ್ಲ. ಉದಾಹರಣೆಗೆ, ಕ್ರೆಡಿಟ್ ಕಾರ್ಡುಗಳ ಮಾಹಿತಿಯನ್ನು ನಿರ್ವಹಿಸುವ ಸಂಸ್ಥೆಗಳಿಗೆ ಕಾರ್ಡು ಉದ್ಯಮದ ಅಂತಾರಾಷ್ಟ್ರೀಯ ನಿಯಮಾವಳಿಯೇ ಇದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಮುಟ್ಟದಿದ್ದರೆ ಮತ್ತೆ ಗುರುತು ಕೇಳಲೇಬೇಕೆಂದು ಅದು ಹೇಳುತ್ತದೆ. ಅದನ್ನು ತಪ್ಪಿಸಲು ಮೌಸನ್ನು ತಾನಾಗಿ ಅಲುಗಿಸುವ ಪುಟ್ಟ ಸಾಧನಗಳು ಅಂಗಡಿಯಲ್ಲೇ ಸಿಗುತ್ತವೆ. ಕೊಂಡು ಹಾಕಲೇ ಎಂದು ಆಕೆ ಕೇಳಿದರು. ಬೇಡವೆಂದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ, ಕೀಲಿಮಣೆಯಲ್ಲಿ ಕೆಲಸ ನಡೆದಿದೆಯೆಂಬ ಸೋಗು ಸೃಷ್ಟಿಸಿದರೆಂಬ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳುಹಿಸಿತು. ಹಾಲು ಕುಡಿಸಲು ಎದ್ದ ತಾಯಿಯದು ಸೋಗಲ್ಲ, ನಿಜ. ಆದರೆ ದೂರದ ಕಚೇರಿಯ ಲೆಕ್ಕಪುಸ್ತಕಕ್ಕೆ ಆ ವ್ಯತ್ಯಾಸ ಕಾಣುವುದಿಲ್ಲ. ಆಕೆಯ ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿನ ಏರ್ಪಾಡಿತ್ತು. ಕಂಪನಿ ಅದಕ್ಕೆ ಅಡ್ಡಿ ಮಾಡಿರಲಿಲ್ಲ. ಅದನ್ನು ಹಚ್ಚಿಕೊಟ್ಟೆ. ಕೀಲಿ ಬೀಳುತ್ತದೆ, ಬೆರಳಿಟ್ಟರೆ ತೆರೆಯುತ್ತದೆ. ಮಾಸ್ತರರಿಗೂ ಇದನ್ನೇ ಮಾಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ವಯಸ್ಸಾದವರ ಬೆರಳ ಗೆರೆಗಳು ಸವೆದಿರುತ್ತವೆ, ಚರ್ಮ ಒಣಗಿರುತ್ತದೆ. ರೇಶನ್ ಅಂಗಡಿಯ ಯಂತ್ರದ ಮುಂದೆ ಹೆಬ್ಬೆರಳನ್ನು ಸೆರಗಿಗೆ ತಿಕ್ಕಿ ತಿಕ್ಕಿ ಇಡುವ ಅಜ್ಜಿಯರನ್ನು ನೋಡಿದವರಿಗೆ ಇದು ಹೊಸತಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಕೀಲಿ ತೆಗೆಸುವ ದಾರಿಯನ್ನು ಅಂತರ್ಜಾಲದಲ್ಲಿ ಹುಡುಕಲು ಹೋದವರಿಗೆ, ‘ನಾವು ಕಂಪ್ಯೂಟರ್ ಕಂಪನಿಯವರು, ದೂರದಿಂದಲೇ ಸರಿಪಡಿಸುತ್ತೇವೆ’ ಎನ್ನುವ ಮಂದಿ ಗಂಟುಬೀಳುವುದುಂಟು. ಅವರು ಹೇಳಿದ ಕಾರ್ಯಕ್ರಮವನ್ನು ಹಾಕಿಕೊಂಡರೆ ನಮ್ಮ ಪರದೆ ಅವರ ಕೈಗೆ ಹೋಗುತ್ತದೆ, ಹಿಂದೆಯೇ ಬ್ಯಾಂಕಿನ ಹಣ. ಮೇಲೆ ಹೇಳಿದ ಯಾವ ಬದಲಾವಣೆಗೂ ಹೊರಗಿನ ಕಾರ್ಯಕ್ರಮವೇ ಬೇಡ. ಮೋಸಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಹಣ ಮುಂದೆ ಮುಂದೆ ಹೋಗುವ ಮೊದಲೇ ತಿಳಿಸಿದರೆ ತಡೆಯುವ ಸಂಭವ ಹೆಚ್ಚು.

ಹುಬ್ಬಳ್ಳಿಯ ಇನ್ನೊಂದು ಮನೆ

ಇಷ್ಟು ಹೇಳಿದ ಮೇಲೆ ‘ಎಲ್ಲರೂ ಕೀಲಿ ತೆಗೆದುಬಿಡಿ’ ಎನ್ನುವ ಧೈರ್ಯ ನನಗಿಲ್ಲ. ಮಾಸ್ತರರ ಯಂತ್ರವನ್ನು ಸರಿಪಡಿಸುವುದಕ್ಕೆ ಕೆಲವು ತಿಂಗಳ ಹಿಂದೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಸಾವು ಸಂಭವಿಸಿತು. ಐವತ್ತೆರಡರ ಗಂಡಾಳು, ಹೃದಯಾಘಾತ. ವಿಮೆಯ ಕಾಗದಗಳು, ಸಾಲದ ಲೆಕ್ಕ, ಮಗಳ ನಾಮಕರಣದಿಂದ ಹಿಡಿದು ಇಪ್ಪತ್ತು ವರ್ಷದ ಛಾಯಾಚಿತ್ರಗಳು ಎಲ್ಲವೂ ಅವರ ಲ್ಯಾಪ್‌ಟಾಪಿನಲ್ಲಿ. ಅದರ ಗುಪ್ತಸಂಖ್ಯೆ ಅವರ ಜೊತೆಗೇ ಹೋಯಿತು. ಹನ್ನೆರಡನೆಯ ದಿನ ಮುಗಿದ ಮೇಲೆ ವೈನಿ ಆ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, “ಅವರು ದಿನಾ ತೆಗೀತಿದ್ರು. ನಾ ಒಂದಿನಾನೂ ಕೇಳಲಿಲ್ಲ” ಎಂದಷ್ಟೇ ಹೇಳಿದರು.

ಹಿಂದಿನ ಕಾಲವಾಗಿದ್ದರೆ ಒಳಗಿನ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವೂ ತೆರೆದುಕೊಳ್ಳುತ್ತಿತ್ತು. ದುರಸ್ತಿ ಅಂಗಡಿಯೊಂದರಲ್ಲಿ ಹಾಗೆಯೇ ಪ್ರಯತ್ನಿಸಿದರು. ಡಿಸ್ಕು 48 ಅಂಕಿಗಳ ಒಂದು ಸಂಖ್ಯೆಯನ್ನು ಕೇಳಿ ಸುಮ್ಮನಾಯಿತು. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ, ಡಿಸ್ಕಿನ ಮೇಲಿನ ಬರಹವೆಲ್ಲ ತಾನಾಗಿ ಗೂಢಲಿಪಿಗೆ ತಿರುಗುತ್ತದೆ. ಬಳಸುವವನಿಗೆ ಅದರ ಸುಳಿವೂ ಇರುವುದಿಲ್ಲ. ಆ 48 ಅಂಕಿಗಳೇ ಅದರ ಕೀಲಿಕೈ. ಅದು ಕಳೆದುಹೋದರೆ ಡಿಸ್ಕಿನಲ್ಲಿರುವುದನ್ನು ಓದಿಕೊಡಲು ಮೈಕ್ರೋಸಾಫ್ಟಿನಿಂದಲೂ ಆಗದು. ಕಳ್ಳನ ಕೈಗೆ ಯಂತ್ರ ಹೋದಾಗ ಇದು ದೊಡ್ಡ ರಕ್ಷೆ. ಆದರೆ ಕಳ್ಳನನ್ನೂ ಹೆಂಡತಿಯನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ನಮ್ಮ ಪುಣ್ಯಕ್ಕೆ ಒಂದು ದಾರಿ ಉಳಿದಿತ್ತು. ತೀರಿಕೊಂಡವರ ಮೊಬೈಲಿನ ಸಿಮ್ಮು ಇನ್ನೂ ಜೀವಂತವಾಗಿತ್ತು. ಅದನ್ನು ಬೇರೊಂದು ಮೊಬೈಲಿಗೆ ಹಾಕಿ, ಅವರ ಖಾತೆಗೆ ಹೊಸ ಪಾಸ್‌ವರ್ಡ್ ಬೇಕೆಂದು ಕೇಳಿದಾಗ ಅದಕ್ಕೆ ಸಂದೇಶ ಬಂತು. ಖಾತೆ ತೆರೆಯಿತು, ಆ 48 ಅಂಕಿಗಳು ಅದೇ ಖಾತೆಯಲ್ಲಿ ಜೋಪಾನವಾಗಿ ಇದ್ದವು. ಒಂದೊಂದೇ ಅಂಕಿಯನ್ನು ಮಗಳು ಓದಿದಳು, ನಾನು ಒತ್ತಿದೆ. ಬಹಳ ತಡಮಾಡಿದ್ದರೆ, ಹಣ ತುಂಬದ ಆ ಸಿಮ್ಮು ಬೇರೆ ಯಾರ ಪಾಲಿಗೋ ಹೋಗಿರಬಹುದಿತ್ತು. ಆಗ ಏನಾಗುತ್ತಿತ್ತೆಂದು ವೈನಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂಥ ಸಂದರ್ಭಕ್ಕಾಗಿಯೇ ಕೆಲವು ಕಂಪನಿಗಳು ಮೊದಲೇ ವ್ಯವಸ್ಥೆ ಮಾಡಿವೆ. ಗೂಗಲ್ 2013ರಿಂದ, ಖಾತೆ ಬಹುಕಾಲ ಬಳಕೆಯಾಗದಿದ್ದರೆ ಯಾರಿಗೆ ಏನು ಸಿಗಬೇಕೆಂದು ಬರೆದಿಡುವ ಅವಕಾಶ ಕೊಟ್ಟಿದೆ. ಆಪಲ್ 2021ರ ಕೊನೆಯಿಂದ, ತನ್ನ ಬಳಿಕ ಯಾರು ತೆರೆಯಬಹುದೆಂದು ನೇಮಿಸುವ ಸೌಲಭ್ಯ ಇಟ್ಟಿದೆ. ಆಸ್ತಿಪತ್ರವನ್ನು ಕಪಾಟಿನಲ್ಲಿಡುವ ನಾವು ಇದನ್ನು ಹತ್ತು ನಿಮಿಷ ಕುಳಿತು ತುಂಬುವುದಿಲ್ಲ.

ಆದ್ದರಿಂದ ಮಾಸ್ತರರ ಮನೆಯಲ್ಲಿ ಮಾಡಿದ ಏರ್ಪಾಡು ಹೀಗೆ. ಬೆಳಿಗ್ಗೆ ಯಂತ್ರ ಹಚ್ಚಿದಾಗ ಗುಪ್ತಸಂಖ್ಯೆಯನ್ನು ಒಮ್ಮೆ ಕೇಳುತ್ತದೆ; ಅದನ್ನು ತೆಗೆಯಲಿಲ್ಲ. ತೆಗೆಯುವ ಉಪಾಯ ಇದೆ, ಆದರೆ ಮನೆಯಿಂದ ಯಂತ್ರವೇ ಕಳುವಾದರೆ ಎಲ್ಲವೂ ಬಯಲು. ಒಮ್ಮೆ ತೆರೆದ ಮೇಲೆ ರಾತ್ರಿಯವರೆಗೂ ಮತ್ತೆ ಕೇಳುವುದಿಲ್ಲ. ಹೊರಗೆ ಹೊರಟರೆ ವಿಂಡೋಸ್ ಗುಂಡಿಯನ್ನೂ ‘ಎಲ್’ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಸಾಕು, ಆಗಲೇ ಕೀಲಿ ಬೀಳುತ್ತದೆ. ಆ ಎರಡು ಗುಂಡಿಗಳಿಗೆ ಮಾಸ್ತರರು ತಾವೇ ಕೆಂಪು ಮಸಿಯ ಚುಕ್ಕೆ ಇಟ್ಟುಕೊಂಡಿದ್ದಾರೆ. ಮೊಮ್ಮಗಳು ಬಂದರೆ ಆಕೆಗೆ ಬೇರೆ ಖಾತೆ. ಆಟವಾಡುತ್ತ ದಿನಚರಿಯ ಪುಟ ಅಳಿಸುವ ಭಯವಿಲ್ಲ. ಪಿಂಚಣಿಯ ಬ್ಯಾಂಕಿನ ಪಾಸ್‌ವರ್ಡನ್ನು ಯಂತ್ರ ನೆನಪಿಟ್ಟುಕೊಂಡಿತ್ತು, ಅಳಿಸಿಹಾಕಿದೆ. (ಬ್ಯಾಂಕಿನ ಪುಟ ಕೆಲವು ನಿಮಿಷಗಳಲ್ಲಿ ತಾನೇ ಮುಚ್ಚಿಕೊಳ್ಳುವುದಕ್ಕೂ ಈ ಕೀಲಿಗೂ ಸಂಬಂಧವಿಲ್ಲ, ಅದು ಬ್ಯಾಂಕಿನವರ ಏರ್ಪಾಡು, ನಮ್ಮ ಕೈಯಲ್ಲಿಲ್ಲ, ಇರಲೂಬಾರದು.) ದಿನಚರಿಯ ಚಿತ್ರಗಳೆಲ್ಲದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ. ಗುಪ್ತಸಂಖ್ಯೆ, ಖಾತೆಯ ಹೆಸರು ಮತ್ತು ಆ 48 ಅಂಕಿಗಳನ್ನು ಮಾಸ್ತರರು ಒಂದು ಚೀಟಿಯಲ್ಲಿ ತಮ್ಮ ದುಂಡಕ್ಷರದಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ, ಬೆಳ್ಳಿಯ ಪಂಚಪಾತ್ರೆ ಇಡುವ ಕಪಾಟಿನಲ್ಲಿ ಇಟ್ಟರು. ಮೇಲೆ ಮಗನ ಹೆಸರು ಬರೆಯುತ್ತಿದ್ದವರು ತುಸು ತಡೆದು, ಸೊಸೆಯ ಹೆಸರನ್ನೂ ಸೇರಿಸಿದರು.

ಒಂದು ತಿಂಗಳ ಮೇಲೆ ಹೋದಾಗ ಮಳೆ ಹೊಡೆಯುತ್ತಿತ್ತು. ನಾವು ಮಾತನಾಡುತ್ತಿದ್ದಾಗಲೇ ಕರೆಂಟು ಹೋಗಿ ಬಂತು. ಯಂತ್ರ ಆರಿ ಮತ್ತೆ ಹತ್ತಿತು, ಆ ಪರದೇಶದ ಬೆಟ್ಟ ಮತ್ತೆ ಪ್ರತ್ಯಕ್ಷ. ನಾನು ಎದ್ದು ಸಹಾಯ ಮಾಡಲು ಹೋದೆ. ಮಾಸ್ತರರು ಕೈ ಅಡ್ಡ ಹಿಡಿದು, ಒಂದೊಂದೇ ಅಂಕಿಯನ್ನು ಬೆರಳೂರಿ ಒತ್ತಿದರು. ತೆರೆಯಿತು.

“ಈಗ ದಿನಕ್ಕೊಮ್ಮೆ ಕೇಳ್ತದ, ಹೇಳ್ತೇನಿ. ಅಷ್ಟ ಕೇಳೋದು ಅದರ ಧರ್ಮ,” ಎಂದು ಪೆನ್ನಿನ ಟೊಪ್ಪಿಗೆ ತೆಗೆದರು. ವಹಿಯಲ್ಲಿ ಐದನೆಯ ನೋಟುಪುಸ್ತಕ ಮುಗಿಯುತ್ತ ಬಂದಿತ್ತು. ಪರದೆಯ ಮೇಲಿದ್ದ ಪುಟದ ತಾರೀಖು 1940ರ ಡಿಸೆಂಬರಿನದು.